ರೇಷ್ಮೆ ಸೀರೆ ಉಟ್ಟ ಅವ್ವ

ನಮ್ಮ ಪಡಸಾಲೆಯ ಗೋಡೆಯ ಮೇಲಿರುವ ಫೋಟೋದಲ್ಲಿ ಅವ್ವ ಉಟ್ಟಿರುವ ಸೀರೆ ಅವ್ವನದಲ್ಲ. ಕೊರಳಲ್ಲಿರುವ ಎರಡೆಳೆ ಸರವೂ ಅವಳದಲ್ಲ. ಸರಿಯಾಗಿ ಹೇಳಬೇಕೆಂದರೆ ಕತ್ತಿನಿಂದ ಕೆಳಗೆ ಇರುವ ಯಾವುದೂ ಅವಳದಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಫೋಟೋ ಇರಬಹುದು. ನಮ್ಮ ಕಡೆ ಮನೆಯಲ್ಲಿ ಹಿರಿಯರು ತೀರಿಕೊಂಡ ಎರಡು ಮೂರು ದಿನಕ್ಕೆಲ್ಲ ಯಾರಾದರೊಬ್ಬರು ಅವರ ಓಟಿನ ಕಾರ್ಡು ಹಿಡಿದುಕೊಂಡು ಸ್ಟುಡಿಯೋಗೆ ಓಡುತ್ತಾರೆ. ಉಗುರಿನಷ್ಟು ದೊಡ್ಡದಾದ ಆ ಮುಖವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಮೊದಲೇ ತಯಾರಾಗಿರುವ ರೇಷ್ಮೆ ಸೀರೆಯ ಮೈಯೊಂದಕ್ಕೆ ಅಂಟಿಸಿ, ಹಿಂದೆ ನೀಲಿ ಪರದೆ ಬಿಟ್ಟು, ತಿಥಿಯ ಹೊತ್ತಿಗೆ ಕಟ್ಟು ಹಾಕಿಸಿ ಕೊಡುತ್ತಾರೆ. ಒಮ್ಮೆ ಬೆಸಗರಹಳ್ಳಿಯ ನಂಟರ ಮನೆಗೆ ಹೋದಾಗ ಗೋಡೆಯ ಮೇಲಿದ್ದ ಅವರ ಅಜ್ಜಿ ನಮ್ಮವ್ವನ ಸೀರೆಯನ್ನೇ ಉಟ್ಟಿದ್ದರು. ಸರ ಕೂಡ ಅದೇ. ನಾನು ಕಾಫಿ ಕುಡಿಯುತ್ತ ಕಣ್ಣು ಬೇರೆ ಕಡೆ ತಿರುಗಿಸಿಕೊಂಡೆ.

ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಅವಳ ಓಟಿನ ಕಾರ್ಡು ಹಿಡಿದು ಮದ್ದೂರಿನ ಸ್ಟುಡಿಯೋಗೆ ಹೋದವಳು ನಾನೇ. ಆಗ ನಾನಿನ್ನೂ ಭಾರತೀನಗರದ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಮಕ್ಕಳ ಉತ್ತರಪತ್ರಿಕೆ ತಿದ್ದಿ ತಿದ್ದಿ ಕೈ ಪಳಗಿತ್ತು. ಸ್ಟುಡಿಯೋ ಯಜಮಾನರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಅವ್ವನನ್ನೂ ತಿದ್ದಿದೆ. ಮೂಗಿನ ಪಕ್ಕದ ನರುಳ್ಳೆ ತೆಗೆಸಿದೆ. ಹೊಗೆಸೊಪ್ಪು ಅಗಿದು ಕಪ್ಪಾಗಿದ್ದ ತುಟಿಗೆ ತಿಳಿಯಾದ ಬಣ್ಣ ಹಾಕಿಸಿದೆ. ಹುಬ್ಬುಗಳ ನಡುವೆ ಸದಾ ಇರುತ್ತಿದ್ದ ಗಂಟನ್ನು ಬಿಡಿಸಲು ಹೇಳಿದೆ. ಯಜಮಾನರು ಒಂದು ಹಂತದಲ್ಲಿ ಕೈ ಹಿಂದಕ್ಕೆ ತೆಗೆದರು.

"ಸಾಕು ಟೀಚರೇ, ಇನ್ನೂ ತಗದ್ರೆ ಯಾರ್ದೋ ಆಗೋಯ್ತದೆ" ಎಂದರು.

"ಇನ್ನು ಆ ಗಂಟು ಒಂದೇ" ಎಂದೆ. ಅದನ್ನೂ ತೆಗೆದರು. ಹೊರಗೆ ಬಂದ ಮುಖ ಎಷ್ಟು ಶಾಂತವಾಗಿತ್ತೆಂದರೆ ನನಗೆ ಅಲ್ಲೇ ಅಳು ಬಂತು. ಅಂದಿನಿಂದ ಬೆಳಗ್ಗೆ ಎದ್ದ ಕೂಡಲೇ ಹಳೆಯ ಹತ್ತಿಬಟ್ಟೆಯಿಂದ ಆ ಗಾಜು ಒರೆಸುವುದು ನನ್ನ ರೂಢಿ. ನಮ್ಮ ಮನೆಯವರು ಇದನ್ನು ನೋಡಿ, "ದೇವರ ಮನೆ ದೀಪ ಮರೆತರೂ ಇದನ್ನ ಮರೆಯಲ್ಲ ನೀನು" ಎಂದು ಛೇಡಿಸುತ್ತಾರೆ. ಅವರು ಛೇಡಿಸಿದ್ದರಲ್ಲಿ ಎಷ್ಟು ನಿಜವಿತ್ತೆಂದು ತಿಳಿಯಲು ನನಗೆ ಪಕ್ಕದ ಮನೆಯ ರೀತಮ್ಮ ಬೇಕಾದರು.

ರೀತಮ್ಮ ಮಳವಳ್ಳಿ ಕಡೆ ನರ್ಸ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮದ್ದೂರಿನಲ್ಲಿ ನಮ್ಮ ಪಕ್ಕದ ಮನೆ ಕೊಂಡು ಒಬ್ಬರೇ ಇದ್ದಾರೆ. ಸಕ್ಕರೆ ಕಾಯಿಲೆ ಕಣ್ಣಿಗಿಳಿದು ಅಕ್ಷರ ಕಾಣದಂತಾದಾಗ, "ದಿನಾ ಒಂದರ್ಧ ಗಂಟೆ ಬೈಬಲ್ ಓದಿ ಹೇಳ್ತೀರಾ ಮೇಡಂ?" ಎಂದು ಕೇಳಿದರು. ಸುಮ್ಮನೆ ಕೂತು ರಿಟೈರ್ಡ್ ಟೀಚರು ಎನ್ನಿಸಿಕೊಳ್ಳುವುದು ನನಗೂ ಬೇಸರವಾಗಿತ್ತು. ದಿನಾ ನಾಲ್ಕು ಗಂಟೆಗೆ ಹೋಗಿ ಓದತೊಡಗಿದೆ. ಅವರ ಪುಸ್ತಕ ಹಳೆಯ ಅಚ್ಚಿನದು, ಕನ್ನಡವೂ ಹಳೆಯದು. ಇಂಥವನು ಇಂಥವನನ್ನು ಪಡೆದನು ಎಂದು ಪುಟಗಟ್ಟಲೆ ಹೆಸರುಗಳು ಬರುವ ಕಡೆ ಮಾತ್ರ ನನಗೆ ನಿರಾಳ. ಮೂವತ್ತು ವರ್ಷ ಹಾಜರಿ ಕೂಗಿದವಳಲ್ಲವೇ. ಒಂದು ದಿನ ರೀತಮ್ಮ, "ಸ್ವಲ್ಪ ನಿಧಾನ, ಅವರು ಎದ್ದು ನಿಂತು 'ಬಂದೆ ಮಿಸ್' ಅನ್ನೋದಕ್ಕಾದ್ರೂ ಟೈಮ್ ಕೊಡಿ" ಎಂದು ನಕ್ಕರು.

ತೊಂದರೆಯಾಗುತ್ತಿದ್ದುದು ವಿಗ್ರಹಗಳನ್ನು ಬಯ್ಯುವ ಕಡೆ. ನಮ್ಮ ಮನೆಯಲ್ಲಿ ಊರ ಮಾರಮ್ಮನಿಂದ ಹಿಡಿದು ಒಂದು ಡಜನ್ ದೇವರಿದ್ದಾರೆ. ಬೆಳಗ್ಗೆ ಅವರಿಗೆಲ್ಲ ಹೂವಿಟ್ಟು ಸಂಜೆ ಬಂದು ಕಲ್ಲು ಮರಗಳ ಮುಂದೆ ಅಡ್ಡಬೀಳುವವರನ್ನು ಬಯ್ಯುವ ಪುಟ ಓದುವುದೆಂದರೆ ಹೇಗಿರುತ್ತದೆ ನೀವೇ ಹೇಳಿ. ಅಲ್ಲಿ ಬಂದಾಗಲೆಲ್ಲ ನನ್ನ ದನಿ ತನ್ನಷ್ಟಕ್ಕೆ ಸಣ್ಣದಾಗುತ್ತಿತ್ತು. ಕಣ್ಣು ಕಾಣದವರಿಗೆ ಕಿವಿ ಚುರುಕು. ರೀತಮ್ಮ ಕಂಡುಹಿಡಿದುಬಿಟ್ಟರು.

"ಜೋರಾಗಿ ಓದಿ ಮೇಡಂ. ಅಲ್ಲಿ ಬೈತಿರೋದು ನಿಮ್ಮನ್ನಲ್ಲ, ನನ್ನನ್ನ."

"ನಿಮ್ಮ ಮನೇಲಿ ಎಲ್ಲಿದೆ ವಿಗ್ರಹ?"

"ಅದೇ ನೋಡಿ, ಹೊರಗಡೆ ಇದ್ದಿದ್ರೆ ಎತ್ತಿ ಆಚೆ ಇಡಬಹುದಿತ್ತು" ಎಂದರು. ನಾನು ಮುಂದಿನ ಸಾಲಿಗೆ ಹೋದೆ.

ಚಿನ್ನದ ಕರುವಿನ ಕತೆ ಬಂದದ್ದು ಮಳೆಗಾಲದ ಮೊದಲಲ್ಲಿ. ಜನರನ್ನು ಮರಳುಗಾಡಿನಲ್ಲಿ ನಡೆಸಿಕೊಂಡು ಬಂದ ಮುಂದಾಳು ದೇವರ ಮಾತು ಕೇಳಲು ಬೆಟ್ಟ ಹತ್ತುತ್ತಾನೆ. ಎಷ್ಟು ದಿನವಾದರೂ ಇಳಿಯುವುದಿಲ್ಲ. ಕೆಳಗಿರುವ ಜನಕ್ಕೆ ದಿಗಿಲು. ಅವನ ಅಣ್ಣನನ್ನು ಹಿಡಿದುಕೊಂಡು, ನಮಗೆ ಕಣ್ಣಿಗೆ ಕಾಣುವ ದೇವರು ಬೇಕು ಎನ್ನುತ್ತಾರೆ. ಅವನು ಎಲ್ಲರ ಓಲೆ ಕಳಚಿಸಿ, ಕರಗಿಸಿ, ಕರು ಮಾಡಿ ನಿಲ್ಲಿಸುತ್ತಾನೆ. ಆಮೇಲೆ ತಮ್ಮ ಇಳಿದು ಬಂದು ಇದೇನಿದು ಎಂದು ಗದರಿದರೆ ಅಣ್ಣ ಕೊಡುವ ಉತ್ತರ ಓದಿ ನಾನು ಪುಸ್ತಕ ಮಡಿಲಲ್ಲಿಟ್ಟುಕೊಂಡು ನಕ್ಕುಬಿಟ್ಟೆ. ನಾನು ಚಿನ್ನವನ್ನು ಬೆಂಕಿಗೆ ಹಾಕಿದೆ ಅಷ್ಟೇ, ಈ ಕರು ತಾನಾಗಿಯೇ ಹೊರಗೆ ಬಂತು ಎನ್ನುತ್ತಾನೆ ಆ ಪುಣ್ಯಾತ್ಮ. ಹೋಂವರ್ಕ್ ತಾರದ ಮಕ್ಕಳಿಂದ ನಾನು ಇದಕ್ಕಿಂತ ಒಳ್ಳೆಯ ನೆಪ ಕೇಳಿದ್ದೇನೆ.

ರೀತಮ್ಮ ನಗಲಿಲ್ಲ. "ಅದು ನೆಪ ಅಲ್ಲ ಮೇಡಂ. ಅವನಿಗೆ ನಿಜವಾಗ್ಲೂ ಹಂಗೇ ಅನ್ಸಿರುತ್ತೆ. ನಾವು ಮಾಡಿದ್ದು ಅಂತ ನಮಗೆ ಗೊತ್ತಿರೋವರೆಗೂ ಅದು ಬರೀ ಬೊಂಬೆ. ತಾನಾಗೇ ಬಂತು ಅಂದ್ಕೊಂಡ ಮೇಲೆ ವಿಗ್ರಹ" ಎಂದರು. ಆಮೇಲೆ, "ಬೆಟ್ಟದ ಮೇಲೆ ಹೋದವನು ಬರಲಿಲ್ಲ. ಜಾಗ ಖಾಲಿ. ಖಾಲಿ ಜಾಗ ನೋಡ್ಕೊಂಡು ಕೂತಿರೋಕೆ ನಮ್ಮ ಕೈಲಿ ಆಗಲ್ಲ. ಏನಾದ್ರೂ ತಂದು ಇಡಲೇಬೇಕು" ಎಂದರು.

ಅವರೂ ಒಮ್ಮೆ ಇಟ್ಟಿದ್ದರಂತೆ. ಗಂಡ ಆಸ್ಪತ್ರೆಯಲ್ಲಿದ್ದಾಗ ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ಯೇಸುವಿನ ಚಿತ್ರವಿತ್ತಂತೆ. ನೀಲಿ ಕಣ್ಣು, ಚೆನ್ನಾಗಿ ಬಾಚಿದ ಕೂದಲು. ಇವರು ಅದನ್ನೇ ನೋಡಿಕೊಂಡು ಬೇಡಿಕೊಂಡರು. ಗಂಡ ಉಳಿಯಲಿಲ್ಲ. ಒಂದು ವರ್ಷ ಚರ್ಚಿಗೆ ಹೋಗಲಿಲ್ಲ, ಪ್ರಾರ್ಥನೆ ಮಾಡಲಿಲ್ಲ. "ಆಮೇಲೊಂದು ದಿನ ಗೊತ್ತಾಯ್ತು ಮೇಡಂ, ವರ್ಷಪೂರ್ತಿ ನಾನು ಟೂ ಬಿಟ್ಟಿದ್ದು ಕ್ಯಾಲೆಂಡರ್ ಜೊತೆ. ನಿಜವಾದ ಯೇಸು ಪಾಪ, ಅಷ್ಟು ದಿನವೂ ಬಾಗಿಲಲ್ಲೇ ನಿಂತಿದ್ದ" ಎಂದರು. ಅವರ ದನಿಯಲ್ಲಿ ಹೇಳಿಕೊಳ್ಳುವ ಹೆಮ್ಮೆ ಇರಲಿಲ್ಲ. ರೋಗಿಯ ಜ್ವರ ಎಷ್ಟಿದೆ ಎಂದು ಡಾಕ್ಟರಿಗೆ ಹೇಳುವವರ ಹಾಗೆ ಹೇಳಿದರು.

ಹಲವು ವಾರಗಳ ಮೇಲೆ ಇನ್ನೊಂದು ಪುಟ ಬಂತು. ಊರ ಹಿರಿಯರು ಕೆಲವರು ಪ್ರವಾದಿಯ ಬಳಿ ಬಂದು ದೇವರ ಮಾತು ಕೇಳಬೇಕೆಂದು ಎದುರಿಗೆ ಕೂರುತ್ತಾರೆ. ಮರ್ಯಾದಸ್ಥರು. ಕೈಯಲ್ಲಿ ಏನೂ ಇಲ್ಲ. ಆದರೆ ದೇವರು ಪ್ರವಾದಿಗೆ ಹೇಳುತ್ತಾನೆ, ಇವರು ವಿಗ್ರಹಗಳನ್ನು ಹೃದಯದೊಳಗೆ ನಿಲ್ಲಿಸಿಕೊಂಡು ಬಂದಿದ್ದಾರೆ, ಇವರಿಗೆ ನಾನು ಏನು ಉತ್ತರ ಕೊಡಲಿ ಎಂದು. ನಾನು ಓದುವುದನ್ನು ನಿಲ್ಲಿಸಿದೆ.

"ಒಳಗೆ ಹೇಗೆ ನಿಲ್ಲಿಸೋದು ರೀತಮ್ಮ?"

"ಜೀವ ಇರೋದು ಯಾವುದೂ ಒಂದೇ ಥರ ನಿಂತಿರಲ್ಲ. ದೇವರೂ ಅಷ್ಟೇ, ಮನುಷ್ಯರೂ ಅಷ್ಟೇ. ಇವತ್ತು ಇದ್ದಂಗೆ ನಾಳೆ ಇರಲ್ಲ. ನಮಗೆ ಅದು ತಡಕೊಳ್ಳೋಕಾಗಲ್ಲ. ಇಷ್ಟೇ ಇರು, ಹಿಂಗೇ ಇರು ಅಂತ ಮನಸ್ಸಲ್ಲಿ ನಿಲ್ಲಿಸಿಬಿಡ್ತೀವಿ. ಆಮೇಲೆ ಅದಕ್ಕೆ ಯಾರಾದ್ರೂ ಕೈ ಹಚ್ಚೋಕೆ ಬಂದ್ರೆ, ಹೆತ್ತೋರು, ಒಡಹುಟ್ಟಿದೋರು ಅಂತಲೂ ನೋಡಲ್ಲ. ಕಚ್ಚೋಕೆ ಹೋಗ್ತೀವಿ. ನಂದು ವಿಗ್ರಹ ಹೌದೋ ಅಲ್ವೋ ಅಂತ ಗೊತ್ತಾಗೋದು ಅದರಿಂದಲೇ ಮೇಡಂ. ಅದಕ್ಕೋಸ್ಕರ ಯಾರನ್ನ ಬಿಟ್ಟುಕೊಟ್ಟಿದ್ದೀನಿ ಅಂತ ನೋಡ್ಕೊಂಡ್ರೆ ಸಾಕು."

ಅವರಿಗೆ ನನ್ನ ಮನೆಯ ವಿಷಯ ಏನೂ ಗೊತ್ತಿರಲಿಲ್ಲ. ನನಗೊಬ್ಬಳು ತಂಗಿ ಇದ್ದಾಳೆಂದೇ ನಾನು ಅವರಿಗೆ ಹೇಳಿರಲಿಲ್ಲ.

ತಂಗಿಯ ಹೆಸರು ಭಾಗ್ಯ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಹಲಗೂರಿನ ಹತ್ತಿರ ಕೊಟ್ಟಿದೆ, ರೇಷ್ಮೆ ಹುಳು ಸಾಕುತ್ತಾರೆ. ಅವ್ವನ ತಿಥಿಯ ದಿನ ನೆಂಟರೆಲ್ಲ ಸೇರಿದ್ದಾಗ, ಸ್ಟುಡಿಯೋದಿಂದ ಬಂದ ಫೋಟೋಗೆ ನಾನು ಹಾರ ಹಾಕಿದೆ. ಎಲ್ಲರೂ ಲಕ್ಷ್ಮಿ ಇದ್ದ ಹಾಗಿದ್ದಾಳೆ ಎಂದು ಕೈ ಮುಗಿದರು. ಭಾಗ್ಯ ಹತ್ತಿರ ಬಂದು ನೋಡಿದಳು.

"ಇದ್ಯಾರಕ್ಕ?" ಎಂದಳು.

"ಯಾರೇನೇ, ಅವ್ವ."

"ಅವ್ವ ಇಂಗಿದ್ಲಾ? ಈಯಮ್ಮ ಯಾರೋ ನಂಗೊತ್ತಿಲ್ಲ ಕಣಕ್ಕ. ನಂಗೆ ಸೌಟು ಕಾಯ್ಸಿ ಬರೆ ಇಕ್ಕಿದ್ಲಲ್ಲ, ಆ ಅವ್ವನ್ನ ಎಲ್ಲಿ ಬುಟ್ಬುಟ್ಟೆ?" ಎಂದು ಎಡಗೈ ಚಾಚಿದಳು. ಮೊಣಕೈ ಕೆಳಗೆ ಬೆರಳುದ್ದದ ಗುರುತು.

ನನಗೆ ಮೈಯೆಲ್ಲ ಉರಿದುಹೋಯಿತು. "ಸತ್ತೋರ ಮೇಲೆ ಸುಳ್ಳು ಹೇಳ್ಬೇಡ. ಒಲೆ ಮುಂದೆ ಆಡ್ತಾ ನೀನೇ ಬಿದ್ದು ಸುಟ್ಕೊಂಡಿದ್ದು. ಅವ್ವ ಅಂಥವಳಲ್ಲ" ಎಂದೆ. ಅವಳು ನನ್ನನ್ನೇ ನೋಡಿದಳು. ಊಟಕ್ಕೂ ಕೂರದೆ ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಅಷ್ಟೇ. ಒಂಬತ್ತು ವರ್ಷ ಅವಳ ಮನೆಗೆ ನಾನು ಹೋಗಲಿಲ್ಲ, ನನ್ನ ಮನೆಗೆ ಅವಳು ಬರಲಿಲ್ಲ. ಫೋನಿನಲ್ಲಿ ಅವಳ ನಂಬರು ಇತ್ತು. ಹಬ್ಬದ ದಿನ ಆ ಹೆಸರಿನ ಮೇಲೆ ಬೆರಳಿಟ್ಟು ತೆಗೆದದ್ದು ಎಷ್ಟು ಸಲವೋ.

ಆ ಸಂಜೆ ರೀತಮ್ಮನ ಮನೆಯಿಂದ ಬಂದು ಫೋಟೋದ ಮುಂದೆ ನಿಂತುಕೊಂಡೆ. ಅವ್ವನ ಹಣೆಯಲ್ಲಿ ಗಂಟಿಲ್ಲ. ತುಟಿ ತಿಳಿ. ಒಂಬತ್ತು ವರ್ಷದಿಂದ ನನಗೆ ಅವಳು ಒಂದು ಸಲವೂ ಬೈದಿಲ್ಲ. ಬದುಕಿದ್ದಾಗ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು. ನನಗೆ ಇದ್ದಕ್ಕಿದ್ದಂತೆ ಅವಳ ಬೈಗುಳ ಕೇಳಬೇಕೆನ್ನಿಸಿತು, ಎಷ್ಟು ನೆನೆಸಿಕೊಂಡರೂ ದನಿ ಬರಲಿಲ್ಲ. ಅವಳ ದನಿ ನನಗೆ ಮರೆತೇಹೋಗಿತ್ತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮಾರನೆಯ ದಿನ ರೀತಮ್ಮನಿಗೆ ಎಲ್ಲ ಹೇಳಿ, "ಆ ಫೋಟೋ ತೆಗೆದು ಅಟ್ಟಕ್ಕೆ ಹಾಕಿಬಿಡ್ತೀನಿ" ಎಂದೆ.

"ಫೋಟೋ ಏನು ಮಾಡಿತ್ತು? ಅದನ್ನ ಅಟ್ಟಕ್ಕೆ ಹಾಕಿದ್ರೆ ನಿಮ್ಮೊಳಗೆ ಇರೋದೂ ಅಟ್ಟಕ್ಕೆ ಹೋಗುತ್ತಾ?" ಎಂದರು ರೀತಮ್ಮ. "ತಂಗಿಗೆ ಫೋನ್ ಮಾಡಿ."

ಮಾಡಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಪಿತೃಪಕ್ಷ ಬಂತು. ನಮ್ಮ ಕಡೆ ಈ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಮಾಡಿ, ಬಾಳೆಯೆಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಹಿರಿಯರು ಬಂದು ಉಣ್ಣಲೆಂದು. ಸ್ವಲ್ಪ ಹೊತ್ತು ಬಿಟ್ಟು, ಅವರಿಗೆ ಮುಜುಗರವಾಗದ ಹಾಗೆ ಕೆಮ್ಮಿ ಬಾಗಿಲು ತೆರೆಯುತ್ತೇವೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಹೆಂಡ ಕುಡಿಯುತ್ತಿದ್ದವರಿಗೆ ಹೆಂಡ. ಅಲ್ಲಿ ಯಾರೂ ಯಾರನ್ನೂ ತಿದ್ದುವುದಿಲ್ಲ. ತಿದ್ದಿದವಳು ನಾನೊಬ್ಬಳೇ. ಒಂಬತ್ತು ವರ್ಷವೂ ಅವ್ವನ ಎಲೆಗೆ ಒಬ್ಬಟ್ಟು, ಪಾಯಸ, ಮೊಸರನ್ನ ಇಟ್ಟೆ. ಅವ್ವ ಕೊನೆಗಾಲದಲ್ಲಿ ಬಾಡೂಟ ಬಿಟ್ಟಿದ್ದಳು, ಎಲ್ಲದರ ಮೇಲೂ ವೈರಾಗ್ಯ ಬಂದಿತ್ತು ಎಂದು ನೆಂಟರ ಮುಂದೆ ಹೇಳಿಕೊಂಡೆ. ಬಿಡಿಸಿದ್ದು ಡಾಕ್ಟರು. ನಾಟಿಕೋಳಿ ಸಾರು ಒಂದು ತೊಟ್ಟು ಕೊಡೇ ಎಂದು ಅವಳು ಅಂಗಲಾಚಿದಾಗ ಕೊಡದೆ ಗದರಿದವಳು ನಾನು. ಆ ಗದರಿಕೆಯನ್ನೇ ನಾನು ಅವಳ ವೈರಾಗ್ಯ ಮಾಡಿಬಿಟ್ಟಿದ್ದೆ.

ಹಬ್ಬಕ್ಕೆ ಮೂರು ದಿನ ಇರುವಾಗ ಫೋನ್ ಮಾಡಿದೆ. ಏನು ಹೇಳಬೇಕೆಂದು ಬರೆದಿಟ್ಟುಕೊಂಡಿದ್ದ ಚೀಟಿ ಕೈಯಲ್ಲೇ ಇತ್ತು. ಆ ಕಡೆಯಿಂದ "ಯಾರು?" ಎಂದ ಕೂಡಲೇ ಚೀಟಿಯಲ್ಲಿದ್ದದ್ದೆಲ್ಲ ಮರೆತುಹೋಯಿತು.

"ನಾನು ಕಣೇ. ಅವ್ವಂಗೆ ಎಡೆ ಇಕ್ಬೇಕು. ಏನಿಕ್ಬೇಕು ಅಂತ ಗೊತ್ತಾಗ್ತಿಲ್ಲ" ಎಂದೆ.

"ಇಷ್ಟ್ ವರ್ಸ ಏನಿಕ್ತಿದ್ದೆ?" ಎಂದಳು.

"ಒಬ್ಬಟ್ಟು."

"ಅವ್ವಂಗೆ ಒಬ್ಬಟ್ಟು ಕಂಡ್ರಾಗ್ತಿರ್ಲಿಲ್ವಲ್ಲಕ್ಕ! ಊರ್ಣ ತಿಂದ್ರೆ ಎದೆ ಉರೀತದೆ ಅನ್ನೋಳು" ಎಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ನೀನೇನೂ ಮಾಡ್ಬ್ಯಾಡ, ಸುಮ್ಕಿರು. ನಾನೇ ಬತ್ತೀನಿ ಬುಡು."

ಬಂದಳು. ಬೆಳಗಿನ ಬಸ್ಸಿಗೇ ಬಂದಳು. ಕೂದಲು ನನಗಿಂತ ಹೆಚ್ಚು ನರೆತಿತ್ತು. ಬುಟ್ಟಿಯಲ್ಲಿ ನಾಟಿಕೋಳಿ, ಎಲೆಯಡಿಕೆ, ಸಣ್ಣ ಕಾಗದದಲ್ಲಿ ಸುತ್ತಿದ ಹೊಗೆಸೊಪ್ಪು. ಬಾಗಿಲಲ್ಲೇ, "ಕಾರ ರುಬ್ಬಾಕೆ ಒರಳು ಮಡಗಿದ್ದೀಯೋ ಇಲ್ಲ ಎಲ್ಲಾ ಮಿಕ್ಸೀನೋ?" ಎಂದು ಕೇಳಿ ನೇರ ಅಡುಗೆಮನೆಗೆ ಹೋದಳು. ಅವಳು ಸಾರು ಮಾಡಿದಳು, ನಾನು ಮುದ್ದೆ ಕಟ್ಟಿದೆ. ಫೋಟೋ ತೆಗೆಯಲೇ ಎಂದು ಕೇಳಿದ್ದಕ್ಕೆ, "ಇರ್ಲಿ ಬುಡು, ಯಾರ್ದೋ ಮನೆ ಅಮ್ಮ, ಅವಳೂ ಉಣ್ಲಿ" ಎಂದಳು. ನಾಲ್ಕು ಗಂಟೆಯ ಹೊತ್ತಿಗೆ ಎಲೆ ಬಡಿಸಿ, ದೀಪ ಹಚ್ಚಿ, ಹೊಗೆಸೊಪ್ಪನ್ನು ಎಲೆಯ ತುದಿಗಿಟ್ಟು ಇಬ್ಬರೂ ಹೊರಗೆ ಬಂದೆವು. ನಮ್ಮ ಮನೆಯವರು ತಮ್ಮ ಹಿರಿಯರ ಎಡೆಗೆಂದು ಊರಿಗೆ ಹೋಗಿದ್ದರು. ಬಾಗಿಲು ಮುಚ್ಚಿ ಜಗುಲಿಯ ಮೇಲೆ ಕೂತೆವು.

ಅಲ್ಲಿ ಕೂತಾಗ ನನಗೆ ಹೇಳದೆ ಇರಲು ಆಗಲಿಲ್ಲ. ಹೇಳುವುದಕ್ಕೆ ಧೈರ್ಯ ಬೇಕೆಂದುಕೊಂಡಿದ್ದೆ. ಧೈರ್ಯವೇನೂ ಬಂದಿರಲಿಲ್ಲ, ಸಾಕಾಗಿತ್ತು ಅಷ್ಟೇ.

"ಭಾಗ್ಯ, ನೀನು ಒಲೆ ಮೇಲೆ ಬೀಳ್ಲಿಲ್ಲ. ಅವ್ವ ಬರೆ ಹಾಕಿದ್ದನ್ನ ನಾನು ನೋಡಿದ್ದೆ."

"ಗೊತ್ತು ಕಣಕ್ಕ. ಬಾಗ್ಲು ಸಂದೀಲಿ ನಿಂತಿದ್ದೆ ನೀನು."

"ಡೈರಿಗೆ ಮಡಗಿದ್ದ ಹಾಲು ಚೆಲ್ಲಿದ್ದು ನಾನು. ನೀನು ಅಂತ ಹೇಳ್ಬಿಟ್ಟೆ."

"ಅದೂ ಗೊತ್ತು."

ನನಗಾಗ ಹನ್ನೊಂದು, ಅವಳಿಗೆ ಏಳು. ಕ್ಯಾನಿನ ಮೇಲೆ ಹತ್ತಿ ಗೂಡಿನಲ್ಲಿದ್ದ ಬೆಲ್ಲ ತೆಗೆಯಲು ಹೋಗಿ ಉರುಳಿಸಿದ್ದೆ. ಆವತ್ತು ಆ ಬಾಗಿಲ ಸಂದಿಯಲ್ಲಿ ನಿಂತು, ನಮ್ಮವ್ವ ಇಂಥ ಕೆಲಸ ಮಾಡುವವಳಲ್ಲ, ಭಾಗ್ಯ ತಾನೇ ಬಿದ್ದಳು ಎಂದು ನನಗೆ ನಾನೇ ಹೇಳಿಕೊಳ್ಳತೊಡಗಿದೆ. ಅವ್ವ ತಪ್ಪು ಮಾಡಿಲ್ಲವೆಂದಾದರೆ ನಾನೂ ಮಾಡಿರಲಿಲ್ಲ. ಅಲ್ಲಿ ಶುರುವಾದ ಕೆತ್ತನೆ ಸ್ಟುಡಿಯೋದಲ್ಲಿ ಮುಗಿಯಿತು. ಅದು ತಾನಾಗಿಯೇ ಬಂತೆಂದು ನಾನೂ ನಂಬಿದ್ದೆ.

ಭಾಗ್ಯ ಕೈ ಸವರಿಕೊಳ್ಳುತ್ತ ಹೇಳಿದಳು. "ಅವ್ವಂಗೂ ಆವತ್ತೇ ಗೊತ್ತಾಯ್ತು ಕಣಕ್ಕ. ನಿನ್ನ ಲಂಗದ ಅಂಚೆಲ್ಲ ಆಲಾಗಿತ್ತು. ಒಗೆಯಾಕೆ ತಗಂಡಾಗ ನೋಡುದ್ಲು. ನನ್ನ ಕೊಟ್ಗೆಗೆ ಎತ್ಕಂಡೋಗಿ, ಜೇನುತುಪ್ಪ ಅಚ್ಚಿ, ನನ್ನ ಕಾಲು ಇಡ್ಕಂಡು ಅತ್ಲು. ಅಷ್ಟ್ ದೊಡ್ಡೋಳು, ನನ್ನ ಕಾಲು ಇಡ್ಕಂಡ್ಲು. ತಪ್ಪಾಯ್ತು ಕಣವ್ವ ಅಂದ್ಲು."

ಭಾಗ್ಯ ಮುಚ್ಚಿದ ಬಾಗಿಲ ಕಡೆ ನೋಡಿ ಮುಂದುವರಿಸಿದಳು.

"ಆಮ್ಯಾಕೆ, ಅಕ್ಕನ್ಗೆ ಏಳ್ಬ್ಯಾಡ, ಅವಳು ಮೆತ್ತಗಿನ ಜೀವ, ತಪ್ಪು ಗೊತ್ತಾಯ್ತು ಅಂದ್ರೆ ತಡಕಳಾಕಿಲ್ಲ ಅಂದ್ಲು. ನಾನು ಏಳ್ನಿಲ್ಲ. ತಿಥಿ ದಿವ್ಸವೂ ಅದನ್ನ ಏಳ್ನಿಲ್ಲ. ಬರೆ ಇಕ್ಕಿದ್ದು ಮಾತ್ರ ಏಳ್ದೆ. ನೀನು ಅವಳನ್ನ ಪೂರಾ ವರೆಸಾಕ್ಬುಟ್ಟಿದ್ದೆಯಲ್ಲ, ಅದ್ಕೆ ಒಟ್ಟೆ ಉರೀತು."

ಕಾಯಿಸಿದ ಸೌಟು ಹಿಡಿದ ಅವ್ವ ನನಗೆ ಬೇಡವಾಗಿದ್ದಳು. ಅವಳ ಜೊತೆಗೇ, ಏಳು ವರ್ಷದ ಮಗಳ ಕಾಲು ಹಿಡಿದು ಅತ್ತ ಅವ್ವನನ್ನೂ ನಾನು ಕಳೆದುಕೊಂಡಿದ್ದೆ. ನನ್ನ ಸುಳ್ಳು ಗೊತ್ತಿದ್ದೂ ಸಾಯುವವರೆಗೆ ಒಂದು ಮಾತು ಆಡದ ಅವ್ವ. ನಾನು ಕೆತ್ತಿದವಳಿಗೆ ತಪ್ಪೇ ಗೊತ್ತಿರಲಿಲ್ಲ, ಅಳುವುದೂ ಗೊತ್ತಿರಲಿಲ್ಲ. ಭಾಗ್ಯಳ ಕೈ ಎಳೆದು ಆ ಗುರುತಿನ ಮೇಲೆ ಮುಖವಿಟ್ಟು ಅತ್ತೆ. ಅವಳು ಬೆನ್ನು ಸವರುತ್ತ, "ಸುಮ್ಕಿರು, ಬೀದಿ ಜನ ನೋಡ್ತಾರೆ" ಎನ್ನುತ್ತಲೇ ತಾನೂ ಅತ್ತಳು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ಭಾಗ್ಯ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು, ಬಾಗಿಲ ಬಳಿ ಹೋಗಿ ಕೆಮ್ಮಲು ಗಂಟಲು ಸರಿಮಾಡಿಕೊಂಡಳು.

"ತಗೀಲಾ ಅಕ್ಕ? ಉಂಡಿರ್ತಾಳೆ."

"ಇನ್ನೊಂದು ಗಳಿಗೆ ತಡಿಯೇ" ಎಂದೆ. "ನಿಧಾನಕ್ಕೆ ಉಣ್ಲಿ. ಒಂಬತ್ತು ವರ್ಷದಿಂದ ಹಸಿದಿದ್ದಾಳೆ."